ಮೂರು ಖಾತೆ, ಒಂದೇ ಋಣ

ಅನ್ನ, ಅಗ್ನಿ, ಮಳೆ ಈ ಮೂರೂ ಬೇರೆ ಬೇರೆ ಇಲಾಖೆಗಳ ವಿಷಯಗಳೆಂಬ ಭಾವನೆ ಆಧುನಿಕ ರಾಜ್ಯಾಡಳಿತದಲ್ಲಿ ಆಳವಾಗಿ ಬೇರೂರಿದೆ. ಅನ್ನಕ್ಕೆ ಆಹಾರ ಸಚಿವಾಲಯವಿದೆ. ಅಗ್ನಿಗೆ ವಿದ್ಯುತ್, ಕಲ್ಲಿದ್ದಲು, ಪೆಟ್ರೋಲಿಯಂ ಎಂಬ ಮೂರು ಸಚಿವಾಲಯಗಳಿವೆ. ಮಳೆ ಬಿಸಿಲುಗಳ ಚಿಂತೆಗೆ ಪರಿಸರ ಸಚಿವಾಲಯವಿದೆ. ಒಲೆಯ ಮುಂದೆ ಕುಳಿತ ಗೃಹಿಣಿಗೆ ಈ ವಿಂಗಡಣೆ ತಿಳಿಯದು. ಉರಿಯಿಲ್ಲದೆ ಅಕ್ಕಿ ಬೇಯದು, ಮಳೆಯಿಲ್ಲದೆ ಅಕ್ಕಿಯೇ ಬಾರದು ಎಂಬುದಷ್ಟೇ ಆಕೆಗೆ ಗೊತ್ತು. ಆಕೆಯ ತಿಳಿವಳಿಕೆಯೇ ಸರಿ, ಸಚಿವಾಲಯಗಳ ವಿಂಗಡಣೆಯೇ ಅಪೂರ್ಣ ಎಂಬುದನ್ನು 2022ರಿಂದ 2025ರವರೆಗಿನ ನಾಲ್ಕು ವರ್ಷಗಳು ತೋರಿಸಿಕೊಟ್ಟವು.

ಇಂದಿನ ಒಂದು ಚೀಲ ಗೋಧಿಯನ್ನು ಬಿಚ್ಚಿ ನೋಡಿದರೆ ಅದರಲ್ಲಿ ಮಣ್ಣು, ನೀರು, ರೈತನ ಬೆವರುಗಳ ಜೊತೆಗೆ ನೈಸರ್ಗಿಕ ಅನಿಲವೂ ಕಲ್ಲಿದ್ದಲೂ ಅಡಗಿರುವುದು ಕಾಣುತ್ತದೆ. ಯೂರಿಯಾ ತಯಾರಾಗುವುದು ನೈಸರ್ಗಿಕ ಅನಿಲದಿಂದ. ಅನಿಲವೇ ಅದಕ್ಕೆ ಕಚ್ಚಾವಸ್ತು, ಅನಿಲವೇ ಅದಕ್ಕೆ ಉರುವಲು. ಕೊಳವೆಬಾವಿಯ ನೀರನ್ನು ಮೇಲೆತ್ತುವ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನಿಂದ ಬರುತ್ತದೆ. ಕಲ್ಲಿದ್ದಲು ಉರಿದು ಹೊರಬಂದ ಅನಿಲವು ಆಕಾಶದಲ್ಲಿ ಸೇರಿ ತಾಪವನ್ನು ಏರಿಸುತ್ತದೆ. ಏರಿದ ತಾಪವು ಮರಳಿ ಅದೇ ಗೋಧಿಯ ತೆನೆಯ ಮೇಲೆ ಬಿದ್ದು ಕಾಳನ್ನು ಜೊಳ್ಳು ಮಾಡುತ್ತದೆ. ಹೀಗೆ ಚಕ್ರವು ಪೂರ್ಣಗೊಳ್ಳುತ್ತದೆ. ಈ ಚಕ್ರದ ಯಾವುದೇ ಒಂದು ಬಿಂದುವಿನಲ್ಲಿ ಕೈಯಿಟ್ಟರೂ ಅದರ ಪರಿಣಾಮ ಉಳಿದೆರಡು ಬಿಂದುಗಳಿಗೆ ತಲುಪದೆ ಇರದು.

ಲೆಕ್ಕ ಬರೆಯುವವರಿಗೆ ಪರಿಚಿತವಾದ ಒಂದು ನಿಯಮವಿದೆ. ಒಂದು ಖಾತೆಗೆ ಜಮೆಯಾದದ್ದು ಇನ್ನೊಂದು ಖಾತೆಗೆ ಖರ್ಚಾಗಿಯೇ ಇರಬೇಕು. ಕಿರ್ದಿಯಲ್ಲಿ ಒಂದೇ ಬದಿಯನ್ನು ಬರೆದು ಲಾಭವೆಂದು ಸಂತೋಷಪಡುವ ಗುಮಾಸ್ತನನ್ನು ಯಾವ ಅಂಗಡಿಯೂ ಇಟ್ಟುಕೊಳ್ಳುವುದಿಲ್ಲ. ಆಹಾರ, ಇಂಧನ, ಹವಾಮಾನಗಳ ಬಗೆಗೆ ಭಾರತ ಸರಕಾರವು ಈ ನಾಲ್ಕು ವರ್ಷಗಳಲ್ಲಿ ಕೈಗೊಂಡ ನಿರ್ಧಾರಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದರೆ ಕಂಡುಬರುವ ಮುಖ್ಯ ದೋಷ ಇದೇ. ಪ್ರತಿಯೊಂದು ನಿರ್ಧಾರಕ್ಕೂ ಅದರದೇ ಆದ ಸಮರ್ಥನೆ ಇತ್ತು. ಕೆಲವು ಅನಿವಾರ್ಯವೂ ಆಗಿದ್ದವು. ಆದರೆ ಒಂದು ಖಾತೆಯ ಸಂಕಟವನ್ನು ನೀಗಿಸಿದ ಹಣ, ನೀರು ಅಥವಾ ಧಾನ್ಯ ಯಾವ ಖಾತೆಯಿಂದ ಬಂತೆಂಬುದನ್ನು ಎಲ್ಲಿಯೂ ಬರೆದಿಡಲಿಲ್ಲ.

ಮಾತು ಮತ್ತು ಮರುದಿನ

2022ರ ಮಾರ್ಚ್ ತಿಂಗಳು ಭಾರತದಲ್ಲಿ 1901ರಿಂದ ದಾಖಲೆ ಇಟ್ಟಂದಿನಿಂದ ಅತ್ಯಂತ ಬಿಸಿಯಾದ ಮಾರ್ಚ್ ಆಗಿತ್ತು. ಪಂಜಾಬ್, ಹರಿಯಾಣಗಳಲ್ಲಿ ಗೋಧಿಯ ಕಾಳು ಹಾಲುದುಂಬುವ ಹೊತ್ತಿಗೆ ಈ ಬಿಸಿಲು ಎರಗಿತು. ಅದಕ್ಕೆ ಒಂದು ತಿಂಗಳು ಮೊದಲು, ಫೆಬ್ರವರಿ 24ರಂದು, ರಷ್ಯವು ಉಕ್ರೇನಿನ ಮೇಲೆ ದಾಳಿ ಆರಂಭಿಸಿತ್ತು. ಜಗತ್ತಿನ ಗೋಧಿ ರಫ್ತಿನಲ್ಲಿ ಕಾಲುಭಾಗಕ್ಕಿಂತ ಹೆಚ್ಚನ್ನು ಪೂರೈಸುತ್ತಿದ್ದ ಎರಡು ದೇಶಗಳ ನಡುವೆ ಯುದ್ಧ ಹೊತ್ತಿಕೊಂಡಾಗ, ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಬೆಲೆ ಸೂಚ್ಯಂಕವು ಆ ಮಾರ್ಚ್‌ನಲ್ಲಿ ಅಲ್ಲಿಯವರೆಗಿನ ಅತ್ಯುನ್ನತ ಮಟ್ಟಕ್ಕೆ ಏರಿತು.

ಈ ಸನ್ನಿವೇಶದಲ್ಲಿ ಏಪ್ರಿಲ್ ತಿಂಗಳಲ್ಲಿ ಪ್ರಧಾನಮಂತ್ರಿ ನರೇಂದ್ರ ಮೋದಿಯವರು, ವಿಶ್ವ ವ್ಯಾಪಾರ ಸಂಸ್ಥೆ ಅನುಮತಿ ನೀಡಿದರೆ ಭಾರತವು ಜಗತ್ತಿಗೆ ಆಹಾರ ಪೂರೈಸಲು ಸಿದ್ಧವಿದೆ ಎಂಬರ್ಥದ ಭರವಸೆಯನ್ನು ಸಾರ್ವಜನಿಕವಾಗಿ ನೀಡಿದರು. ಅದರ ಹಿಂದಿನ ಹಣಕಾಸು ವರ್ಷದಲ್ಲಿ ಭಾರತ ಸುಮಾರು 70 ಲಕ್ಷ ಟನ್ ಗೋಧಿಯನ್ನು ರಫ್ತು ಮಾಡಿತ್ತು. ಆದ್ದರಿಂದ ಮಾತಿಗೆ ಆಧಾರವಿರಲಿಲ್ಲ ಎನ್ನಲಾಗದು. ಮೇ 12ರಂದು ವಾಣಿಜ್ಯ ಸಚಿವಾಲಯವು ಗೋಧಿ ಮಾರಾಟದ ಸಾಧ್ಯತೆಗಳನ್ನು ಅರಸಲು ಮೊರಾಕ್ಕೊ, ಟುನೀಸಿಯಾ, ಇಂಡೋನೇಷ್ಯಾ ಮೊದಲಾದ ಒಂಬತ್ತು ದೇಶಗಳಿಗೆ ನಿಯೋಗಗಳನ್ನು ಕಳುಹಿಸುವುದಾಗಿ ಪ್ರಕಟಿಸಿತು. ಮರುದಿನವೇ, ಅಂದರೆ ಮೇ 13ರ ಆದೇಶದಂತೆ, ಗೋಧಿ ರಫ್ತನ್ನು ನಿಷೇಧಿಸಲಾಯಿತು.

ನಿಷೇಧಕ್ಕೆ ಕಾರಣವಿರಲಿಲ್ಲವೆಂದು ಹೇಳುವುದು ಅನ್ಯಾಯವಾದೀತು. ಹಿಂದಿನ ವರ್ಷ 433 ಲಕ್ಷ ಟನ್ ಗೋಧಿ ಖರೀದಿಸಿದ್ದ ಸರಕಾರಕ್ಕೆ ಆ ವರ್ಷ ದೊರೆತದ್ದು ಸುಮಾರು 188 ಲಕ್ಷ ಟನ್ ಮಾತ್ರ. ಸುಮಾರು 80 ಕೋಟಿ ಜನರಿಗೆ ಪಡಿತರ ಕೊಡಬೇಕಾದ ಹೊಣೆ ತಲೆಯ ಮೇಲಿತ್ತು. ಸ್ವಂತ ಮನೆಯ ಕಣಜ ಬರಿದಾಗುವಾಗ ಬಾಗಿಲು ಹಾಕಿಕೊಳ್ಳುವ ಗೃಹಸ್ಥನನ್ನು ಯಾರೂ ದೂರಲಾರರು. ಕೊರತೆಯಿರುವ ದೇಶಗಳು ಸರಕಾರದ ಮೂಲಕ ಕೇಳಿಕೊಂಡರೆ ಧಾನ್ಯ ಕೊಡುವ ಅವಕಾಶವನ್ನೂ ಆದೇಶದಲ್ಲಿ ಉಳಿಸಲಾಗಿತ್ತು. ಅಫ್ಘಾನಿಸ್ತಾನಕ್ಕೆ ಘೋಷಿಸಿದ್ದ 50 ಸಾವಿರ ಟನ್ ಗೋಧಿಯ ನೆರವಿನ ಬಹುಭಾಗವು ಆ ವರ್ಷ ಪಾಕಿಸ್ತಾನದ ಹಾದಿಯಲ್ಲಿಯೇ ತಲುಪಿತು. ಇವು ಗೌರವಕ್ಕೆ ಅರ್ಹವಾದ ಸಂಗತಿಗಳು.

ದೋಷವಿರುವುದು ನಿಷೇಧಕ್ಕಿಂತ ಹೆಚ್ಚಾಗಿ ಭರವಸೆಯಲ್ಲಿ. ಮಾರ್ಚ್‌ನ ಬಿಸಿಲು ಏಪ್ರಿಲ್‌ನಲ್ಲಿ ಗುಟ್ಟಾಗಿರಲಿಲ್ಲ. ಹವಾಮಾನದ ಲೆಕ್ಕ ಒಂದು ಇಲಾಖೆಯಲ್ಲಿ, ಬೆಳೆಯ ಅಂದಾಜು ಇನ್ನೊಂದರಲ್ಲಿ, ರಫ್ತಿನ ಉತ್ಸಾಹ ಮೂರನೆಯದರಲ್ಲಿ ಇದ್ದುದರಿಂದ, ಜಗತ್ತಿಗೆ ಮಾತು ಕೊಡುವ ಮೊದಲು ಕಣಜಕ್ಕೆ ಇಣುಕಿ ನೋಡುವವರು ಇರಲಿಲ್ಲ. ಮಾತು ನಂಬಿ ರೈತನಿಂದ ಧಾನ್ಯ ಕೊಂಡು ಬಂದರಿಗೆ ಸಾಗಿಸಿದ ವರ್ತಕನ ಲಾರಿಗಳು ಕಾಂಡ್ಲಾ ಬಂದರಿನ ಹೊರಗೆ ಸಾಲುಗಟ್ಟಿ ನಿಂತವು. ವರ್ತಕನ ನಷ್ಟ ಹೇಗಾದರೂ ತುಂಬಿಬರಬಹುದು. ಆದರೆ ಆಹಾರಕ್ಕಾಗಿ ಅನ್ಯರನ್ನು ಅವಲಂಬಿಸಿದ ಬಡದೇಶಕ್ಕೆ, ಹಸಿವಿನ ಕಾಲದಲ್ಲಿ ಕೊಟ್ಟು ಹಿಂತೆಗೆದುಕೊಂಡ ಮಾತು ಕೊಡದೆ ಇದ್ದ ಮಾತಿಗಿಂತ ಹೆಚ್ಚು ಕ್ರೂರವಾಗುತ್ತದೆ. ಏಕೆಂದರೆ ಅದನ್ನು ನಂಬಿದ ದೇಶ ಬೇರೆಡೆ ಹುಡುಕುವ ಸಮಯವನ್ನೂ ಕಳೆದುಕೊಂಡಿರುತ್ತದೆ.

ಬಿಸಿಲಿಗೆ ಬೆಂಕಿಯೇ ಮದ್ದು

ಅದೇ ವಾರಗಳಲ್ಲಿ ಇನ್ನೊಂದು ಖಾತೆಯಲ್ಲಿ ಏನು ನಡೆಯುತ್ತಿತ್ತೆಂಬುದನ್ನು ವಾಚಕರು ಗಮನಿಸಬೇಕು. ಬಿಸಿಲು ಗೋಧಿಯನ್ನು ಸುಟ್ಟಂತೆ ಊರುಗಳನ್ನೂ ಸುಡುತ್ತಿತ್ತು. ಪಂಪು, ಪಂಖ, ತಂಪು ಯಂತ್ರಗಳ ಬೇಡಿಕೆ ಏರಿ 2022ರ ಏಪ್ರಿಲ್ 29ರಂದು ದೇಶದ ವಿದ್ಯುತ್ ಬೇಡಿಕೆ 207 ಗಿಗಾವ್ಯಾಟ್ ಮುಟ್ಟಿತು. ಅದು ಅಲ್ಲಿಯವರೆಗಿನ ಗರಿಷ್ಠ. ಉಷ್ಣಸ್ಥಾವರಗಳಲ್ಲಿ ಕಲ್ಲಿದ್ದಲಿನ ದಾಸ್ತಾನು ಕುಸಿಯಿತು. ಕಲ್ಲಿದ್ದಲಿನ ರೈಲುಗಳಿಗೆ ಹಳಿ ಬಿಟ್ಟುಕೊಡಲು ನೂರಾರು ಪ್ರಯಾಣಿಕರ ರೈಲು ಸಂಚಾರಗಳನ್ನು ರದ್ದುಪಡಿಸಲಾಯಿತು. ಆಮದು ಕಲ್ಲಿದ್ದಲಿನ ಸ್ಥಾವರಗಳು ಪೂರ್ಣ ಸಾಮರ್ಥ್ಯದಲ್ಲಿ ನಡೆಯಲೇಬೇಕೆಂದು ಮೇ 5ರಂದು ವಿದ್ಯುತ್ ಕಾಯಿದೆಯ 11ನೇ ಕಲಮಿನ ಮೇರೆಗೆ ಆದೇಶವಾಯಿತು.

ಆ ಕ್ಷಣದಲ್ಲಿ ಇದಕ್ಕಿಂತ ಬೇರೆ ದಾರಿಯಿರಲಿಲ್ಲ. ಆಸ್ಪತ್ರೆಯ ದೀಪ ಆರಬಾರದು, ಕುಡಿಯುವ ನೀರಿನ ಪಂಪು ನಿಲ್ಲಬಾರದು. ಆದರೂ ಬಿಸಿಲಿನ ಬೇಗೆಗೆ ಮತ್ತಷ್ಟು ಬಿಸಿಲನ್ನು ತರುವ ಬೆಂಕಿಯೇ ಮದ್ದಾದದ್ದು ವಿಷಾದದ ಸಂಗತಿ. ಇದಕ್ಕೆ ಕೇವಲ ಆರು ತಿಂಗಳ ಹಿಂದೆ, 2021ರ ನವೆಂಬರ್‌ನಲ್ಲಿ, ಗ್ಲಾಸ್ಗೋ ಸಮ್ಮೇಳನದಲ್ಲಿ ಭಾರತವು 2070ರ ಹೊತ್ತಿಗೆ ನಿವ್ವಳ ಶೂನ್ಯ ಹೊರಸೂಸುವಿಕೆಯ ಸಂಕಲ್ಪ ತೊಟ್ಟಿತ್ತು. ಆ ಸಂಕಲ್ಪ ಹುಸಿಯಾಗಿರಲಿಲ್ಲ. 2025ರ ಮಧ್ಯಭಾಗಕ್ಕೆ ದೇಶದ ಸ್ಥಾಪಿತ ವಿದ್ಯುತ್ ಸಾಮರ್ಥ್ಯದಲ್ಲಿ ಅರ್ಧದಷ್ಟು ಕಲ್ಲಿದ್ದಲು, ತೈಲ, ಅನಿಲಗಳಿಗೆ ಹೊರತಾದ ಮೂಲಗಳಿಂದ ಕೂಡಿದ್ದಾಯಿತು. ಆದರೆ ಸ್ಥಾಪಿತ ಸಾಮರ್ಥ್ಯವೆಂಬುದು ಅಂಗಡಿಯ ಕಪಾಟಿನ ಅಳತೆ. ದಿನದ ವ್ಯಾಪಾರ ಬೇರೆಯ ಲೆಕ್ಕ. ಸೂರ್ಯ ಮುಳುಗಿದ ಮೇಲೂ ಬೇಡಿಕೆ ಇಳಿಯದ ಬೇಸಗೆಯ ರಾತ್ರಿಗಳಲ್ಲಿ ಕಲ್ಲಿದ್ದಲೇ ಹೊರೆ ಹೊತ್ತಿತು. ಹಗಲಿನ ಬಿಸಿಲನ್ನು ರಾತ್ರಿಗೆ ಕೂಡಿಡುವ ವ್ಯವಸ್ಥೆಗೆ ದೊರೆಯಬೇಕಾದ ಆದ್ಯತೆ ತಡವಾಗಿ ದೊರೆಯಿತು.

ಗೊಬ್ಬರದ ಎರಡು ಪಾಠಗಳು

ಯುದ್ಧದಿಂದ ಅನಿಲದ ಬೆಲೆ ಗಗನಕ್ಕೇರಿದಾಗ ಯೂರಿಯಾದ ತಯಾರಿಕೆಯ ವೆಚ್ಚವೂ ಏರಿತು. ರೈತನಿಗೆ ಮಾತ್ರ 45 ಕೆ.ಜಿ. ಚೀಲದ ಬೆಲೆ, ತೆರಿಗೆ ಮತ್ತು ಬೇವಿನ ಲೇಪನದ ಖರ್ಚು ಬಿಟ್ಟು, 242 ರೂಪಾಯಿಯಲ್ಲಿಯೇ ನಿಂತಿತ್ತು. ವ್ಯತ್ಯಾಸವನ್ನು ಬೊಕ್ಕಸ ಭರಿಸಿತು. 2022-23ರಲ್ಲಿ ಗೊಬ್ಬರದ ಸಹಾಯಧನ ಬಜೆಟ್ಟಿನ ಮೊದಲ ಅಂದಾಜಾದ 1.05 ಲಕ್ಷ ಕೋಟಿಯನ್ನು ಮೀರಿ ಸುಮಾರು 2.5 ಲಕ್ಷ ಕೋಟಿ ರೂಪಾಯಿ ತಲುಪಿತು.

ಇಲ್ಲಿ ಭಾರತ ಸರಕಾರದ ವಿವೇಕವನ್ನು ನೆರೆಯ ಶ್ರೀಲಂಕಾದ ಉದಾಹರಣೆಯೊಂದಿಗೆ ತೂಗಿ ನೋಡಬೇಕು. 2021ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಗೋಟಬಯ ರಾಜಪಕ್ಸ ಅವರು ರಾಸಾಯನಿಕ ಗೊಬ್ಬರದ ಆಮದನ್ನು ಒಮ್ಮೆಲೇ ನಿಷೇಧಿಸಿದರು. ಸಾವಯವ ಕೃಷಿಯ ಆದರ್ಶದ ಮಾತು ಮುಂದಿತ್ತು. ವಿದೇಶಿ ವಿನಿಮಯದ ಕೊರತೆಯೂ ಜೊತೆಗಿತ್ತು. ಮಣ್ಣಿಗೆ ಬೇಕಾದ ಪರ್ಯಾಯ ಗೊಬ್ಬರವನ್ನಾಗಲಿ ರೈತನಿಗೆ ಬೇಕಾದ ವರ್ಷಗಳ ಅವಧಿಯನ್ನಾಗಲಿ ಒದಗಿಸದೆ ಹೊರಡಿಸಿದ ಆ ಆದೇಶವನ್ನು ನವೆಂಬರ್ ಹೊತ್ತಿಗೆ ಬಹುಮಟ್ಟಿಗೆ ಹಿಂಪಡೆಯಬೇಕಾಯಿತು. ಅಷ್ಟರಲ್ಲಿ ಭತ್ತ ಮತ್ತು ಚಹಾದ ಬೆಳೆಗಳು ಕುಸಿದಿದ್ದವು. ಇಂಧನಕ್ಕೂ ಅನ್ನಕ್ಕೂ ಸಾಲು ನಿಂತ ಜನರ ಆಕ್ರೋಶದ ನಡುವೆ 2022ರ ಜುಲೈನಲ್ಲಿ ಅಧ್ಯಕ್ಷರು ದೇಶ ಬಿಟ್ಟರು. ಸದುದ್ದೇಶವೊಂದೇ ಧರ್ಮವಾಗುವುದಿಲ್ಲ, ಅದಕ್ಕೆ ಕಾಲಜ್ಞಾನವೂ ಕೂಡಿರಬೇಕು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯದು.

ಶ್ರೀಲಂಕಾ ಅವಸರದಲ್ಲಿ ಎಡವಿತು. ಭಾರತ ಆ ತಪ್ಪು ಮಾಡಲಿಲ್ಲ. ಆದರೆ ಭಾರತದ ಪಾಠವೂ ಪೂರ್ಣವಲ್ಲ. ಯೂರಿಯಾದ ಬೆಲೆಯನ್ನು ಸ್ಥಿರವಾಗಿಟ್ಟು ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆಯನ್ನು ಏರಲು ಬಿಟ್ಟದ್ದರಿಂದ ರೈತನು ಅಗ್ಗವಾದುದನ್ನೇ ಹೆಚ್ಚು ಸುರಿಯುತ್ತಾ ಬಂದ. ಅದು ಆತನ ಅಜ್ಞಾನವೆನ್ನುವುದು ತಪ್ಪು. ಬೆಲೆಯೇ ಆತನಿಗೆ ಕಲಿಸಿದ ಪಾಠ ಅದು. ಹೆಚ್ಚಾದ ಸಾರಜನಕದ ಒಂದು ಭಾಗ ಅಂತರ್ಜಲ ಸೇರುತ್ತದೆ. ಇನ್ನೊಂದು ಭಾಗ ನೈಟ್ರಸ್ ಆಕ್ಸೈಡ್ ಆಗಿ ಆಕಾಶ ಸೇರುತ್ತದೆ. ತೂಕಕ್ಕೆ ತೂಕ ಹೋಲಿಸಿದರೆ, ನೂರು ವರ್ಷಗಳ ಅವಧಿಯಲ್ಲಿ ಈ ಅನಿಲದ ತಾಪಶಕ್ತಿ ಇಂಗಾಲದ ಡೈ ಆಕ್ಸೈಡಿನ ಸುಮಾರು 270 ಪಟ್ಟು. ಬೊಕ್ಕಸದ ಲಕ್ಷ ಕೋಟಿಗಳು ರೈತನನ್ನು ಒಂದು ಸಂಕಟದಿಂದ ಕಾಪಾಡಿದವು. ಅದೇ ಹಣದ ಒಂದು ಪಾಲು ಮುಂದಿನ ಸಂಕಟಕ್ಕೆ ಬಂಡವಾಳವೂ ಆಯಿತು.

ಗಾಡಿಯ ಹಸಿವು, ಮನುಷ್ಯನ ಹಸಿವು

ಮೂರು ಖಾತೆಗಳ ಗೋಜಲು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಎಥೆನಾಲ್ ನೀತಿಯಲ್ಲಿ. ಪೆಟ್ರೋಲಿಗೆ ಎಥೆನಾಲ್ ಬೆರೆಸಿದರೆ ತೈಲದ ಆಮದು ತಗ್ಗುತ್ತದೆ, ಕಬ್ಬು ಬೆಳೆಗಾರನ ಬಾಕಿ ತೀರುತ್ತದೆ, ಹೊಗೆಯೂ ಕಡಿಮೆಯಾಗುತ್ತದೆ ಎಂಬುದು ಅದರ ಸಮರ್ಥನೆ. ಶೇ. 20ರ ಮಿಶ್ರಣದ ಗುರಿಯನ್ನು 2030ರಿಂದ 2025-26ಕ್ಕೆ ಹಿಂದಕ್ಕೆ ತರಲಾಯಿತು. 2025ರಲ್ಲಿ ಗುರಿ ಮುಟ್ಟಿದ್ದೂ ಆಯಿತು. ಕಬ್ಬಿನ ಬಾಕಿಯ ವಿಷಯದಲ್ಲಿ ಬೆಳಗಾವಿ, ಬಾಗಲಕೋಟೆಯ ರೈತರಿಗೆ ಇದರಿಂದ ನೆರವಾದುದನ್ನು ಅಲ್ಲಗಳೆಯಲಾಗದು.

ಆದರೆ ಇದೇ ನೀತಿಗೆ ಮಾರ್ಗಸೂಚಿಯಾಗಿ 2021ರಲ್ಲಿ ನೀತಿ ಆಯೋಗವು ಪ್ರಕಟಿಸಿದ ವರದಿಯಲ್ಲಿಯೇ ಇನ್ನೊಂದು ಲೆಕ್ಕವಿದೆ. ದೇಶದ ನೀರಾವರಿಯ ನೀರಿನಲ್ಲಿ ಸುಮಾರು ಶೇ. 70ರಷ್ಟನ್ನು ಕಬ್ಬು ಮತ್ತು ಭತ್ತಗಳೆರಡೇ ಕುಡಿಯುತ್ತವೆ. ಸಕ್ಕರೆಯ ಮೂಲದ ಒಂದು ಲೀಟರ್ ಎಥೆನಾಲಿಗೆ ಸುಮಾರು 2,860 ಲೀಟರ್ ನೀರು ಬೇಕು ಎಂದು ಆ ವರದಿ ತಿಳಿಸುತ್ತದೆ. ಸರಕಾರದ ಕೈಯಲ್ಲಿಯೇ ಇದ್ದ ಈ ಲೆಕ್ಕ ಇಂಧನದ ಕಿರ್ದಿಗೆ ಏರಲಿಲ್ಲ. ತೈಲದ ಆಮದಿನಲ್ಲಿ ಉಳಿತಾಯವಾದ ಡಾಲರುಗಳನ್ನು ಎಣಿಸಿದ ಕೈ, ಇಂಗಿಹೋದ ನೀರನ್ನು ಎಣಿಸಲಿಲ್ಲ.

ಲೆಕ್ಕ ಕೇಳಲು ಮಳೆಯೇ ಬಂತು, ಅಥವಾ ಬಾರದೆ ಹೋಯಿತು. 2023ರ ಆಗಸ್ಟ್ 1901ರ ನಂತರದ ಅತ್ಯಂತ ಒಣ ಆಗಸ್ಟ್ ಆಯಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಕಬ್ಬು ಒಣಗಿ ಸಕ್ಕರೆಯ ಕೊರತೆಯ ಭಯ ಹುಟ್ಟಿದಾಗ, ಡಿಸೆಂಬರ್ 7ರಂದು ಕಬ್ಬಿನ ರಸದಿಂದ ನೇರವಾಗಿ ಎಥೆನಾಲ್ ತಯಾರಿಸುವುದನ್ನು ಸರಕಾರ ತಡೆಯಿತು. ವಾರ ಕಳೆಯುವಷ್ಟರಲ್ಲಿ ತಡೆಯನ್ನು ಮಿತಿಯೊಂದಿಗೆ ಸಡಿಲಿಸಿತು. 2024ರ ಆಗಸ್ಟ್ ಅಂತ್ಯಕ್ಕೆ ತೆಗೆದುಹಾಕಿತು. ಸರಕಾರದ ಪ್ರೋತ್ಸಾಹ ನಂಬಿ ಸಾಲಮಾಡಿ ಡಿಸ್ಟಿಲರಿ ಕಟ್ಟಿದ ಕಾರ್ಖಾನೆಗಳು ಹಂಗಾಮಿನ ನಡುವೆ ದಿಕ್ಕು ತೋರದೆ ನಿಂತವು.

ಕಬ್ಬು ಕೈಕೊಟ್ಟಾಗ ಧಾನ್ಯದ ಕಡೆಗೆ ಕೈ ಚಾಚಲಾಯಿತು. 2024ರ ವೇಳೆಗೆ ಎಥೆನಾಲಿನ ಅತಿ ದೊಡ್ಡ ಮೂಲ ಮೆಕ್ಕೆಜೋಳವಾಗಿ, ಆ ಬೆಳೆಯನ್ನು ರಫ್ತು ಮಾಡುತ್ತಿದ್ದ ದೇಶವೇ ಆಮದು ಮಾಡತೊಡಗಿತು. ಮರುವರ್ಷ ಚಿತ್ರ ಮಗುಚಿತು. ಬೆಳೆ ಹುಲುಸಾಗಿ ಬಂತು; ಡಿಸ್ಟಿಲರಿಗಳಿಗೆ ಭಾರತ ಆಹಾರ ನಿಗಮದ ಅಕ್ಕಿಯೂ ದೊರೆಯುತ್ತಿತ್ತು. 2025ರ ನವೆಂಬರ್‌ನಲ್ಲಿ ಹಾವೇರಿ, ಗದಗ ಜಿಲ್ಲೆಗಳ ರೈತರು ಕ್ವಿಂಟಲಿಗೆ 2,400 ರೂಪಾಯಿಯ ಬೆಂಬಲ ಬೆಲೆ ಮಾರುಕಟ್ಟೆಯಲ್ಲಿ ಸಿಗದೆ ಬೀದಿಗಿಳಿದರು. ಎಥೆನಾಲಿನ ಭರವಸೆ ನಂಬಿ ಬಿತ್ತಿದವನಿಗೆ ಎಥೆನಾಲೇ ಆಸರೆಯಾಗಲಿಲ್ಲ.

ಅಕ್ಕಿಯ ಕಥೆ ಇನ್ನೂ ವಿಚಾರಾರ್ಹವಾದುದು. 2023ರ ಜೂನ್‌ನಲ್ಲಿ, ಬೆಲೆ ನಿಯಂತ್ರಣಕ್ಕೆ ದಾಸ್ತಾನು ಬೇಕೆಂಬ ಕಾರಣದಿಂದ, ಮುಕ್ತ ಮಾರುಕಟ್ಟೆ ಯೋಜನೆಯಲ್ಲಿ ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ಕೇಂದ್ರವು ನಿಲ್ಲಿಸಿತು. ಅನ್ನಭಾಗ್ಯ ಯೋಜನೆಯಲ್ಲಿ ಹೆಚ್ಚುವರಿ ಐದು ಕೆ.ಜಿ. ಕೊಡಲು ಹೊರಟಿದ್ದ ಕರ್ನಾಟಕ ಸರಕಾರ ಅಕ್ಕಿ ದೊರೆಯದೆ, ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಹಣವನ್ನೇ ಕೊಟ್ಟಿತು. ಅಂಗಡಿಯಲ್ಲಿ ಅಕ್ಕಿಯ ಬೆಲೆ ಅದಕ್ಕಿಂತ ಮೇಲಿದ್ದುದರಿಂದ ಬಡವನಿಗೆ ಹಣ ಬಂತು, ಅಷ್ಟೇ ಅಕ್ಕಿ ಬರಲಿಲ್ಲ. ಆ ಜುಲೈನಲ್ಲಿ ಡಿಸ್ಟಿಲರಿಗಳಿಗೂ ನಿಗಮದ ಅಕ್ಕಿ ನಿಂತಿತು ಎಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು. ಮುಂದೆ ಗೋದಾಮುಗಳು ಅಗತ್ಯಕ್ಕಿಂತ ಬಹಳ ಹೆಚ್ಚು ತುಂಬಿದವು. 2025ರ ಜನವರಿಯಲ್ಲಿ ಅಕ್ಕಿಯ ದರವನ್ನು ಕ್ವಿಂಟಲಿಗೆ 2,250 ರೂಪಾಯಿಗೆ ಇಳಿಸಿ, ರಾಜ್ಯ ಸರಕಾರಗಳಿಗೆ 12 ಲಕ್ಷ ಟನ್, ಡಿಸ್ಟಿಲರಿಗಳಿಗೆ 24 ಲಕ್ಷ ಟನ್ ಎಂದು ನಿಗದಿಪಡಿಸಲಾಯಿತು. ಬಳಿಕ ಕರ್ನಾಟಕದಲ್ಲಿ ಹಣದ ಬದಲು ಅಕ್ಕಿ ಮರಳಿ ಬಂತು.

ಗೋದಾಮಿನಲ್ಲಿ ಕೊಳೆಯುವ ಅಕ್ಕಿಗಿಂತ ಇಂಧನವಾಗುವ ಅಕ್ಕಿ ಮೇಲೆಂಬ ವಾದದಲ್ಲಿ ಹುರುಳಿಲ್ಲದಿಲ್ಲ. ಪ್ರಶ್ನೆ ಇರುವುದು ಕ್ರಮದಲ್ಲಿ. ಮನುಷ್ಯನ ಹಸಿವು ಮತ್ತು ಗಾಡಿಯ ಹಸಿವು ಒಂದೇ ಕಿಟಕಿಯ ಮುಂದೆ ಒಂದೇ ದರಕ್ಕೆ ನಿಂತು, ಗಾಡಿಗೆ ಇಮ್ಮಡಿ ಪಾಲು ದೊರೆಯುವುದಾದರೆ, ಆ ಕಿಟಕಿಯನ್ನು ನಡೆಸುವವರು ಯಾವ ತಕ್ಕಡಿಯಲ್ಲಿ ತೂಗುತ್ತಿದ್ದಾರೆಂದು ಕೇಳುವುದು ನಾಗರಿಕನ ಕರ್ತವ್ಯ. ಮೇಲಾಗಿ ಆ ಅಕ್ಕಿ ಕೇವಲ ಹೆಚ್ಚುವರಿ ಅಕ್ಕಿಯಲ್ಲ. ಅದರ ಬಹುಪಾಲು ಬೆಂಬಲ ಬೆಲೆ, ಅಗ್ಗದ ಯೂರಿಯಾ, ಉಚಿತ ವಿದ್ಯುತ್ ಮತ್ತು ಅಂತರ್ಜಲ ಈ ನಾಲ್ಕರ ಖರ್ಚಿನಿಂದ ಬೆಳೆದದ್ದು. ಹೀಗೆ ಬೆಳೆದ ಅಕ್ಕಿಯನ್ನು ಕೊಂಡ ಬೆಲೆಗಿಂತ ಕಡಿಮೆಗೆ ಮಾರಿ ಪೆಟ್ರೋಲಿಗೆ ಬೆರೆಸಿದಾಗ, ಉಳಿತಾಯವಾದ ಇಂಧನವೆಷ್ಟು, ಬೆಳೆಸಲು ಉರಿದ ಇಂಧನವೆಷ್ಟು ಎಂಬ ನಿವ್ವಳ ಲೆಕ್ಕವನ್ನು ಜನರ ಮುಂದೆ ಇಡಬೇಕಾಗಿತ್ತು.

ಕೊಳ್ಳುವವರ ಸ್ಥಾನದಲ್ಲಿ ನಿಂತು

ನೀತಿಯ ಶುದ್ಧಿಯನ್ನು ಅಳೆಯಲು ಒಂದು ಸರಳ ಪರೀಕ್ಷೆಯುಂಟು. ತನಗೆ ಮಾಡಿದರೆ ನೋವಾಗುವುದನ್ನು ಅನ್ಯರಿಗೆ ಮಾಡುತ್ತಿರುವೆವೇ ಎಂದು ಕೇಳಿಕೊಳ್ಳುವುದೇ ಅದು. 2022ರ ಏಪ್ರಿಲ್ 28ರಿಂದ ಮೇ 23ರವರೆಗೆ ಇಂಡೋನೇಷ್ಯಾ ತನ್ನ ಜನರ ಅಡುಗೆ ಎಣ್ಣೆಯ ಬೆಲೆ ಇಳಿಸಲು ತಾಳೆಎಣ್ಣೆಯ ರಫ್ತು ನಿಷೇಧಿಸಿತು. ಅಲ್ಲಿಯೂ ತಾಳೆಎಣ್ಣೆಯ ದೊಡ್ಡ ಪಾಲು ಡೀಸೆಲಿಗೆ ಬೆರೆಯುತ್ತಿತ್ತು. ಬೇಕಾದ ಖಾದ್ಯತೈಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರುವ ಭಾರತದ ಅಡುಗೆಮನೆಗಳು ಆ ಮೂರೂವರೆ ವಾರಗಳಲ್ಲಿ ನಿಷೇಧದ ಬಿಸಿಯನ್ನು ಅನುಭವಿಸಿದವು. ಅದು ಅನ್ಯಾಯವೆಂದು ಮಾತನಾಡಿದವು.

ಅದೇ ಭಾರತವು 2022ರ ಸೆಪ್ಟೆಂಬರ್‌ನಲ್ಲಿ ನುಚ್ಚಕ್ಕಿಯ ರಫ್ತನ್ನು, 2023ರ ಜುಲೈ 20ರಂದು ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಜಗತ್ತಿನ ಅಕ್ಕಿ ವ್ಯಾಪಾರದಲ್ಲಿ ಸುಮಾರು ಶೇ. 40ರಷ್ಟು ಭಾರತದ್ದೇ ಆಗಿದ್ದುದರಿಂದ, ಆ ಆಗಸ್ಟ್‌ನಲ್ಲಿ ಜಾಗತಿಕ ಅಕ್ಕಿ ಬೆಲೆ ಹದಿನೈದು ವರ್ಷಗಳ ಗರಿಷ್ಠ ಮಟ್ಟ ಮುಟ್ಟಿತು. ನುಚ್ಚಕ್ಕಿಯನ್ನೇ ನಿತ್ಯದ ಊಟವಾಗಿಸಿಕೊಂಡ ಸೆನೆಗಲ್‌ನಂತಹ ಪಶ್ಚಿಮ ಆಫ್ರಿಕದ ದೇಶಗಳಿಗೆ ಇದು ಹೊಟ್ಟೆಯ ಪ್ರಶ್ನೆಯಾಗಿತ್ತು. ಬಿಳಿ ಅಕ್ಕಿಯ ನಿಷೇಧ 2024ರ ಸೆಪ್ಟೆಂಬರ್‌ನಲ್ಲಿ, ನುಚ್ಚಕ್ಕಿಯದು 2025ರ ಮಾರ್ಚ್‌ನಲ್ಲಿ ತೆರವಾಯಿತು. ಅಷ್ಟರಲ್ಲಿ ನಿಗಮದ ಅಕ್ಕಿ ಡಿಸ್ಟಿಲರಿಗಳಿಗೆ ಮತ್ತೆ ತೆರೆದಾಗಿತ್ತು. 2024ರ ಆಗಸ್ಟ್‌ನಲ್ಲಿ ಡಿಸ್ಟಿಲರಿಗಳಿಗೆ ಬಾಗಿಲು ತೆರೆದು, ಹಸಿದ ಕೊಳ್ಳುಗನಿಗೆ ಇನ್ನೂ ಕೆಲವು ತಿಂಗಳು ಅದನ್ನು ಮುಚ್ಚಿಯೇ ಇಟ್ಟದ್ದು ಸಮರ್ಥನೆಗೆ ನಿಲ್ಲುವ ಕ್ರಮವಲ್ಲ.

ದೇಶದೊಳಗಿನ ವರ್ತಕನಿಗೂ ಇದರಲ್ಲಿ ಪಾಲುಂಟು. 2023ರ ಜೂನ್‌ನಲ್ಲಿ ಗೋಧಿಯ ಸಗಟು ವ್ಯಾಪಾರಿಗೆ 3,000 ಟನ್‌ಗಳ ದಾಸ್ತಾನು ಮಿತಿ ವಿಧಿಸಿ, ಮುಂದೆ ಅದನ್ನು ಹಂತ ಹಂತವಾಗಿ ಇಳಿಸಲಾಯಿತು. ಕೊರತೆಯ ಕಾಲದಲ್ಲಿ ಧಾನ್ಯವನ್ನು ಅಡಗಿಸಿ ಬೆಲೆಯೇರಲು ಕಾಯುವವನು ಹಸಿವಿನಿಂದ ಬಡ್ಡಿ ವಸೂಲು ಮಾಡುವವನೇ. ಅವನ ಪರವಾಗಿ ಆಡಬೇಕಾದ ಮಾತಿಲ್ಲ. ವರ್ತಕರ ಸಂಘಗಳು ಈ ವಿಷಯದಲ್ಲಿ ಸರಕಾರದ ಆದೇಶಕ್ಕೆ ಕಾಯದೆ ತಾವೇ ಮರ್ಯಾದೆಯ ಗೆರೆ ಎಳೆದುಕೊಳ್ಳುವುದು ಶ್ರೇಯಸ್ಕರ. ಆದರೆ ವರ್ತಕನಿಂದ ತನ್ನ ದಾಸ್ತಾನಿನ ಘೋಷಣೆಯನ್ನು ವಾರವಾರವೂ ಕೇಳುವ ಸರಕಾರ, ತಾನು ಯಾವ ಮಟ್ಟಕ್ಕೆ ದಾಸ್ತಾನು ಇಳಿದರೆ ರಫ್ತು ನಿಲ್ಲಿಸುವೆನು, ಯಾವ ಮಟ್ಟಕ್ಕೆ ಏರಿದರೆ ತೆರೆಯುವೆನು ಎಂಬುದನ್ನು ಮೊದಲೇ ಘೋಷಿಸಬೇಡವೇ? ಪಾರದರ್ಶಕತೆ ಒಂದೇ ಕಡೆಗೆ ಹರಿಯುವ ನೀರಾಗಬಾರದು.

ನೀರಿನ ಸಾಲ ಗಾಳಿಗೆ

ಪಂಜಾಬಿನ ಅನುಭವ ಈ ಇಡೀ ವಿಮರ್ಶೆಗೆ ಕನ್ನಡಿಯಂತಿದೆ. ಅಲ್ಲಿ 1997ರಲ್ಲಿ ಆರಂಭವಾದ ಉಚಿತ ಪಂಪ್‌ಸೆಟ್ ವಿದ್ಯುತ್, ಗೋಧಿ ಮತ್ತು ಭತ್ತಕ್ಕೆ ಖಚಿತವಾದ ಖರೀದಿಯೊಂದಿಗೆ ಸೇರಿ, ಅಂತರ್ಜಲವನ್ನು ಬಸಿಯಿತು. ವರ್ಷಕ್ಕೆ ಇಂಗುವ ಬಳಕೆಯೋಗ್ಯ ನೀರು ನೂರಾದರೆ ಮೇಲೆತ್ತುವುದು ನೂರಾ ಅರವತ್ತಕ್ಕಿಂತ ಹೆಚ್ಚು ಎಂಬ ಸ್ಥಿತಿ ಬಂತು. ನೀರು ಉಳಿಸಲು 2009ರಲ್ಲಿ ಕಾಯಿದೆ ಮಾಡಿ ಭತ್ತದ ನಾಟಿಯನ್ನು ಜೂನ್ ಮಧ್ಯದ ಕಡೆಗೆ ಮುಂದೂಡಲಾಯಿತು. ನಾಟಿ ಮುಂದೆ ಹೋದಂತೆ ಕೊಯ್ಲೂ ಮುಂದೆ ಹೋಯಿತು. ಗೋಧಿ ಬಿತ್ತಲು ಉಳಿದ ದಿನಗಳು ಕಡಿಮೆಯಾದವು. ಹುಲ್ಲನ್ನು ತೆಗೆಯಲು ಸಮಯವಿಲ್ಲದ ರೈತನು ಗದ್ದೆಗೆ ಬೆಂಕಿಯಿಟ್ಟ. ಗಾಳಿ ಮಂದವಾಗುವ ನವೆಂಬರ್‌ನಲ್ಲಿ ಆ ಹೊಗೆ ದೆಹಲಿಯವರೆಗಿನ ಆಕಾಶವನ್ನು ಕವಿಯಿತು. ನೀರಿನ ಖಾತೆಯ ಸಾಲವನ್ನು ತೀರಿಸಲು ಗಾಳಿಯ ಖಾತೆಯಿಂದ ಕಡ ತಂದಂತಾಯಿತು.

ಕರ್ನಾಟಕದಲ್ಲಿಯೂ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ ಇದೆ. ಕೋಲಾರ, ಚಿಕ್ಕಬಳ್ಳಾಪುರಗಳ ಕೊಳವೆಬಾವಿಗಳು ಎಷ್ಟು ಆಳಕ್ಕೆ ಇಳಿದಿವೆಯೆಂಬುದನ್ನು ವಾಚಕರಿಗೆ ಹೇಳಬೇಕಾಗಿಲ್ಲ. 2019ರಲ್ಲಿ ಆರಂಭವಾದ ಕೇಂದ್ರದ ಸೌರ ಪಂಪ್ ಯೋಜನೆ ಕಲ್ಲಿದ್ದಲಿನ ಖಾತೆಯನ್ನು ಹಗುರಗೊಳಿಸುತ್ತದೆ. ಆದರೆ ಬಿಸಿಲಿಗೆ ಬಿಲ್ಲಿಲ್ಲ. ಆದ್ದರಿಂದ ನೀರೆತ್ತುವ ಕೈಗೆ ತಡೆಯೂ ಇಲ್ಲ. ರೈತನು ಉಳಿಸಿದ ಸೌರವಿದ್ಯುತ್ತನ್ನು ಜಾಲಕ್ಕೆ ಮಾರಿ ಆದಾಯ ಪಡೆಯುವಂತಾದರೆ ಮಾತ್ರ ಆತನಿಗೆ ನೀರು ಉಳಿಸುವುದರಲ್ಲಿ ಲಾಭ ಕಾಣುತ್ತದೆ. ಒಂದೇ ಉಪಾಯ ಒಂದು ರೀತಿಯಲ್ಲಿ ಜೋಡಿಸಿದರೆ ಮೂರು ಖಾತೆಗಳನ್ನೂ ತುಂಬುತ್ತದೆ, ಇನ್ನೊಂದು ರೀತಿಯಲ್ಲಿ ಜೋಡಿಸಿದರೆ ಒಂದನ್ನು ತುಂಬಿ ಮತ್ತೊಂದನ್ನು ಬರಿದುಮಾಡುತ್ತದೆ ಎಂಬುದಕ್ಕೆ ಇದು ಸಾಕ್ಷಿ.

ಆಗಬೇಕಾದುದು

ಹಾಗಾದರೆ ಆಗಬೇಕಾದುದೇನು? ಮೊದಲನೆಯದಾಗಿ, ಪ್ರತಿವರ್ಷದ ಬಜೆಟ್ಟಿನೊಂದಿಗೆ ಆಹಾರ, ಇಂಧನ, ನೀರು, ತಾಪ ಈ ನಾಲ್ಕನ್ನೂ ಒಳಗೊಂಡ ಒಂದೇ ಅಢಾವೆ ಪತ್ರಿಕೆ ಸಂಸತ್ತಿನ ಮುಂದೆ ಬರಬೇಕು. ಎಥೆನಾಲಿನಿಂದ ಉಳಿದ ಡಾಲರುಗಳ ಎದುರು ಬದಿಯಲ್ಲಿ ಅದು ಕುಡಿದ ನೀರೂ ಅಕ್ಕಿಯ ನಷ್ಟವೂ ಬರೆದಿರಬೇಕು. ಎರಡನೆಯದಾಗಿ, ರಫ್ತಿನ ನಿಯಮಗಳು ಆದೇಶದ ರಾತ್ರಿಯಲ್ಲಿ ಹುಟ್ಟದೆ ದಾಸ್ತಾನಿನ ಮಟ್ಟಕ್ಕೆ ಅನುಗುಣವಾಗಿ ಮೊದಲೇ ಪ್ರಕಟವಾಗಿರಬೇಕು. ಬಡದೇಶಗಳ ಪಾಲನ್ನು ನಿಷೇಧದಿಂದ ಹೊರಗಿಟ್ಟು ಮೊದಲೇ ಗೊತ್ತುಪಡಿಸಬೇಕು. ಮೂರನೆಯದಾಗಿ, ಧಾನ್ಯದ ಬಳಕೆಗೆ ಕ್ರಮ ನಿರ್ಧಾರವಾಗಬೇಕು: ಮೊದಲು ಮನುಷ್ಯನ ಅನ್ನ, ನಂತರ ದನಕರುಗಳ ಮೇವು, ಉಳಿದದ್ದು ಮತ್ತು ಕೆಟ್ಟದ್ದು ಮಾತ್ರ ಇಂಧನಕ್ಕೆ. ಪಾಣಿಪತ್ತಿನಲ್ಲಿ 2022ರ ಆಗಸ್ಟ್‌ನಲ್ಲಿ ಆರಂಭವಾದ, ಭತ್ತದ ಹುಲ್ಲಿನಿಂದ ಎಥೆನಾಲ್ ತಯಾರಿಸುವ ಸ್ಥಾವರ ಇಂಥ ಕ್ರಮಕ್ಕೆ ಹೊಂದುತ್ತದೆ. ಅದು ಇಂಧನ ಕೊಡುವುದರ ಜೊತೆಗೆ ಗದ್ದೆಯ ಬೆಂಕಿಯನ್ನೂ ತಗ್ಗಿಸಬಲ್ಲದು. ಅಂಥವುಗಳಿಗೆ ಗಮನ ಸಲ್ಲಬೇಕು. ನಾಲ್ಕನೆಯದಾಗಿ, ಕಡಿಮೆ ನೀರು, ಕಡಿಮೆ ಯೂರಿಯಾ ಬೇಡುವ ರಾಗಿ, ಜೋಳ, ತೊಗರಿ, ಕಡಲೆಗಳಿಗೆ ಭತ್ತ ಗೋಧಿಗಳಷ್ಟೇ ಖಚಿತವಾದ ಖರೀದಿ ದೊರೆಯಬೇಕು. 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿದ ಉತ್ಸಾಹ ಖರೀದಿ ಕೇಂದ್ರದ ತಕ್ಕಡಿಯವರೆಗೂ ತಲುಪಿದಾಗಲೇ ಅದಕ್ಕೆ ಅರ್ಥ.

ಇವು ಯಾವುವೂ ಕ್ರಾಂತಿಕಾರಕ ಮಾತುಗಳಲ್ಲ. ಸಂಜೆ ಅಂಗಡಿಯ ಬಾಗಿಲು ಹಾಕುವ ಮುನ್ನ ಸಾಧಾರಣ ಗೃಹಸ್ಥನೂ ಪಾಲಿಸುವ ಶಿಸ್ತು ಇದು. ಸಂಕಟದ ಕಾಲದಲ್ಲಿ ಸಾಲ ಮಾಡುವುದು ತಪ್ಪಲ್ಲ. ಸಾಲವನ್ನು ಪುಸ್ತಕದಲ್ಲಿ ಬರೆಯದಿರುವುದು ತಪ್ಪು. ಬರೆಯದ ಸಾಲಕ್ಕೂ ಸಾಲಗಾರನಿರುತ್ತಾನೆ. ಇಲ್ಲಿ ಆ ಸಾಲಗಾರರೆಂದರೆ ಮುಂದಿನ ಬೇಸಗೆಯಲ್ಲಿ ಬಿಸಿಲಿಗೆ ದುಡಿಯುವ ಕೂಲಿಯವನು, ಬತ್ತಿದ ಕೊಳವೆಬಾವಿಯ ಪಕ್ಕದ ಸಣ್ಣ ರೈತ, ದೂರದ ಬಂದರಿನಲ್ಲಿ ಅಕ್ಕಿಯ ಹಡಗಿಗೆ ಕಾದ ತಾಯಿ ಮತ್ತು ಇನ್ನೂ ಮತಪತ್ರ ಮುಟ್ಟುವ ವಯಸ್ಸಿಗೆ ಬಾರದ ಮಕ್ಕಳು. ನಿರ್ಧಾರದ ಮೇಜಿನ ಸುತ್ತ ಇವರಾರಿಗೂ ಕುರ್ಚಿಯಿಲ್ಲ. ಅವರ ಹೆಸರಿನಲ್ಲಿ ಒಂದು ಕಾಲಂ ಬರೆಯುವುದಾದರೂ ಲೆಕ್ಕ ಬರೆಯುವವರ ಕೈಯಲ್ಲಿದೆ.